ಅಲಿಸ್ಟರ್ ಮೆಕೆಂಜಿ

ಅಲಿಸ್ಟರ್ ಮೆಕೆಂಜಿ (30 ಆಗಸ್ಟ್ 1870 – 6 ಜನವರಿ 1934) ಅವರು ಗಾಲ್ಫ್ ಮೈದಾನಗಳ ರಚನೆಯಲ್ಲಿ ವಿಶ್ವಖ್ಯಾತಿ ಗಳಿಸಿದ ಬ್ರಿಟಿಷ್ ವಿನ್ಯಾಸಕಾರರು. ವೈದ್ಯರಾಗಿದ್ದ ಇವರು ನಡುವಯಸ್ಸಿನಲ್ಲಿ ಆ ವೃತ್ತಿಯನ್ನು ತೊರೆದು ಮೈದಾನಗಳ ವಿನ್ಯಾಸಕ್ಕೆ ತಮ್ಮನ್ನು ಮುಡಿಪಾಗಿಟ್ಟರು. ಅಮೆರಿಕದ ಅಗಸ್ಟಾ ನ್ಯಾಷನಲ್ ಮತ್ತು ಸೈಪ್ರೆಸ್ ಪಾಯಿಂಟ್, ಆಸ್ಟ್ರೇಲಿಯದ ರಾಯಲ್ ಮೆಲ್ಬರ್ನ್ ಇವರ ಪ್ರಮುಖ ಮೈದಾನಗಳು. ಗಾಲ್ಫ್ ಆಟದಲ್ಲಿ ಚೆಂಡನ್ನು ಸೇರಿಸಬೇಕಾದ ಕುಳಿಯ ಸುತ್ತ, ಹುಲ್ಲನ್ನು ಅತಿ ಗಿಡ್ಡವಾಗಿ ಕತ್ತರಿಸಿ ನಯಗೊಳಿಸಿದ ಜಾಗಕ್ಕೆ ಗ್ರೀನ್ ಎಂದು ಹೆಸರು. ಗ್ರೀನ್‌ನ ಏರಿಳಿತಗಳು ಎದ್ದು ಕಾಣುವಂತಿರಬೇಕೇ ಅಥವಾ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾಗಿರಬೇಕೇ ಎಂಬ ಚರ್ಚೆಯಲ್ಲಿ ಮೆಕೆಂಜಿಯವರ ಹೆಸರು ಇಂದಿಗೂ ಮತ್ತೆ ಮತ್ತೆ ಕೇಳಿಬರುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಮೆಕೆಂಜಿಯವರು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ಮಂಟನ್ ಎಂಬಲ್ಲಿ ಜನಿಸಿದರು. ಇವರ ತಂದೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಿಂದ ಬಂದ ವೈದ್ಯರು. ಬಾಲ್ಯದ ಬೇಸಿಗೆಗಳನ್ನು ಇವರು ಮೆಕೆಂಜಿ ಮನೆತನದ ಮೂಲನೆಲೆಯಾದ ಸದರ್ಲೆಂಡ್ ಸೀಮೆಯಲ್ಲಿ ಕಳೆದರು. ವೇಕ್‌ಫೀಲ್ಡ್ ನಗರದಲ್ಲಿ ಶಾಲಾಶಿಕ್ಷಣ ಮುಗಿಸಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಮತ್ತು ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು.

ಯುದ್ಧಭೂಮಿಯಲ್ಲಿ ಕಲಿತ ಪಾಠ

ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಅರ್ ಯುದ್ಧದಲ್ಲಿ (1899–1902) ಮೆಕೆಂಜಿಯವರು ಬ್ರಿಟಿಷ್ ಸೈನ್ಯದ ವೈದ್ಯರಾಗಿ ಸೇವೆ ಸಲ್ಲಿಸಿದರು. ಸಂಖ್ಯೆಯಲ್ಲಿ ಕಡಿಮೆಯಿದ್ದ ಬೋಅರ್ ಸೈನಿಕರು ನೆಲದ ಉಬ್ಬುತಗ್ಗುಗಳನ್ನೇ ಮರೆಯಾಗಿ ಬಳಸಿಕೊಂಡು ದೊಡ್ಡ ಪಡೆಯನ್ನು ತಡೆದು ನಿಲ್ಲಿಸುತ್ತಿದ್ದುದು ಇವರ ಗಮನ ಸೆಳೆಯಿತು. ಮನುಷ್ಯ ಅಗೆದ ಕಂದಕವನ್ನು ಸಹಜ ನೆಲದಂತೆ ತೋರಿಸಿ ನೋಡುವವರ ಕಣ್ಣನ್ನು ವಂಚಿಸುವ ಈ ಮರೆಮಾಚುವಿಕೆಯ ವಿದ್ಯೆಯನ್ನು ಇವರು ಆಳವಾಗಿ ಅಭ್ಯಾಸ ಮಾಡಿದರು. ಮೊದಲನೆಯ ಮಹಾಯುದ್ಧದಲ್ಲಿ ಇದೇ ವಿಷಯದಲ್ಲಿ ಸೈನ್ಯಕ್ಕೆ ತರಬೇತಿ ನೀಡಿದರು. ಮೈದಾನ ವಿನ್ಯಾಸದಲ್ಲಿ ಇವರ ಯಶಸ್ಸಿಗೆ ಈ ವಿದ್ಯೆಯೇ ತಳಹದಿಯಾಯಿತು.

ವಿನ್ಯಾಸ ಕ್ಷೇತ್ರಕ್ಕೆ ಪ್ರವೇಶ

1907ರಲ್ಲಿ ಲೀಡ್ಸ್ ನಗರದ ಬಳಿ ಆಲ್‌ವುಡ್ಲಿ ಗಾಲ್ಫ್ ಕ್ಲಬ್ ಸ್ಥಾಪನೆಯಾದಾಗ, ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದ ಮೆಕೆಂಜಿಯವರೇ ಮೈದಾನದ ನಕ್ಷೆ ಸಿದ್ಧಪಡಿಸಿದರು. ಅವರ ವಿಚಾರಗಳು ಹೊಸತಾಗಿದ್ದುದರಿಂದ ಸಹಸದಸ್ಯರು ಅನುಮಾನಿಸಿ, ಆಗಲೇ ಹೆಸರಾಗಿದ್ದ ವಿನ್ಯಾಸಕಾರ ಹ್ಯಾರಿ ಕೋಲ್ಟ್ ಅವರನ್ನು ಸಲಹೆಗಾಗಿ ಕರೆಸಿದರು. ಮೆಕೆಂಜಿಯವರು ತಯಾರಿಸಿದ್ದ ಗ್ರೀನ್‌ಗಳ ಮಾದರಿಗಳನ್ನು ಕಂಡ ಕೋಲ್ಟ್ ಅವುಗಳನ್ನು ಮೆಚ್ಚಿದರು. ಮುಂದೆ ಇಬ್ಬರೂ ಕೆಲವು ಕಾಲ ಪಾಲುದಾರರಾಗಿದ್ದರು.

1914ರಲ್ಲಿ ಕಂಟ್ರಿ ಲೈಫ್ ಎಂಬ ಇಂಗ್ಲಿಷ್ ಪತ್ರಿಕೆ ಏರ್ಪಡಿಸಿದ ವಿನ್ಯಾಸ ಸ್ಪರ್ಧೆಯಲ್ಲಿ ಮೆಕೆಂಜಿಯವರು ಪ್ರಥಮ ಬಹುಮಾನ ಗಳಿಸಿದರು. ಇದರಿಂದ ಅವರ ಹೆಸರು ಅಮೆರಿಕದವರೆಗೂ ಹಬ್ಬಿತು. 1920ರಲ್ಲಿ ಪ್ರಕಟವಾದ ಗಾಲ್ಫ್ ಆರ್ಕಿಟೆಕ್ಚರ್ ಎಂಬ ಪುಟ್ಟ ಗ್ರಂಥದಲ್ಲಿ ಅವರು ಉತ್ತಮ ಮೈದಾನಕ್ಕೆ 13 ಲಕ್ಷಣಗಳನ್ನು ಹೇಳಿದರು. ಗ್ರೀನ್‌ಗಳಲ್ಲಿ ಸಾಕಷ್ಟು ಏರಿಳಿತವಿರಬೇಕು, ಆದರೆ ಆಟಗಾರ ಗುಡ್ಡ ಹತ್ತುವಂತಾಗಬಾರದು ಎಂಬುದು ಅವುಗಳಲ್ಲಿ ಒಂದು. ವಿನ್ಯಾಸಕಾರನ ಕೈಕೆಲಸ ಪ್ರಕೃತಿಯ ಕೆಲಸದಿಂದ ಬೇರೆಯೆಂದು ಗುರುತಿಸಲಾಗದಂತೆ ಇರಬೇಕೆಂಬುದು ಅವರ ಮೂಲ ತತ್ತ್ವ.

ಗ್ರೀನ್ ವಿನ್ಯಾಸ

ಮೆಕೆಂಜಿಯವರ ಗ್ರೀನ್‌ಗಳಲ್ಲಿ ಎರಡು ಬಗೆಗಳನ್ನು ಕಾಣಬಹುದು. ಮೊದಲನೆಯದು ನಾಟಕೀಯ ಬಗೆ. ಇಂಗ್ಲೆಂಡಿನ ರಾದರಮ್ ಬಳಿಯ ಸಿಟ್‌ವೆಲ್ ಪಾರ್ಕ್ ಮೈದಾನದ ಹದಿನೆಂಟನೆಯ ಗ್ರೀನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಇಳಿಜಾರು ನೆಲದ ಮೇಲೆ ಅಲೆಗಳು ಉಕ್ಕಿ ಬಂದಂತೆ ರಚಿಸಿದ್ದ ಈ ಗ್ರೀನ್ ತೀವ್ರ ಟೀಕೆಗೆ ಗುರಿಯಾಯಿತು. ಅದೃಷ್ಟವೇ ಆಟವನ್ನು ನಿರ್ಧರಿಸುತ್ತದೆ ಎಂಬುದು ಇಂಥ ಗ್ರೀನ್‌ಗಳ ವಿರುದ್ಧ ಕೇಳಿಬರುವ ಸಾಮಾನ್ಯ ಆಕ್ಷೇಪ. ಕೆಲಕಾಲದ ಬಳಿಕ ಅದನ್ನು ಸಮತಟ್ಟುಗೊಳಿಸಲಾಯಿತು. ಇಂದು ಅದರ ಮೂಲರೂಪವು ಹಳೆಯ ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಎರಡನೆಯದು ಸೂಕ್ಷ್ಮ ಬಗೆ. ಇದನ್ನು ಅವರು ಕಲಿತದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಪ್ರಾಚೀನ ಮೈದಾನದಿಂದ. ಅಲ್ಲಿ ಏಳು ವಿಶಾಲ ಗ್ರೀನ್‌ಗಳನ್ನು ತಲಾ ಎರಡು ಕುಳಿಗಳು ಹಂಚಿಕೊಂಡಿವೆ. ದೂರದಿಂದ ನೋಡಿದರೆ ಬರೀ ಬಯಲಿನಂತೆ ಕಾಣುವ ಆ ನೆಲದಲ್ಲಿ ಸಣ್ಣ ದಿಬ್ಬಗಳೂ ತಗ್ಗುಗಳೂ ಚೆಂಡಿನ ದಾರಿಯನ್ನು ಬದಲಿಸುತ್ತವೆ. ಮೆಕೆಂಜಿಯವರು ಈ ಮೈದಾನವನ್ನು ಅಳತೆ ಮಾಡಿ 1924ರಲ್ಲಿ ಹೊರತಂದ ನಕ್ಷೆ ಇಂದಿಗೂ ಹೆಸರುವಾಸಿಯಾಗಿದೆ.

ಈ ಎರಡು ಬಗೆಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವುಗಳ ಉದ್ದೇಶ ಒಂದೇ. ಧ್ವಜವನ್ನು ಗ್ರೀನ್‌ನ ಯಾವ ಭಾಗದಲ್ಲಿ ನೆಟ್ಟಿದೆ ಎಂಬುದರ ಮೇಲೆ, ದೂರದಿಂದ ಚೆಂಡನ್ನು ಯಾವ ಕಡೆಯಿಂದ ತರಬೇಕೆಂದು ಆಟಗಾರ ಮೊದಲೇ ಯೋಚಿಸಬೇಕು. ಏರಿಳಿತ ಕಣ್ಣಿಗೆ ಕಂಡರೆ ಅದು ಧೈರ್ಯವನ್ನು ಪರೀಕ್ಷಿಸುತ್ತದೆ, ಕಾಣದಿದ್ದರೆ ಗಮನವನ್ನು ಪರೀಕ್ಷಿಸುತ್ತದೆ.

ವಿದೇಶಗಳಲ್ಲಿ

1926ರಲ್ಲಿ ಮೆಕೆಂಜಿಯವರು ಆಸ್ಟ್ರೇಲಿಯಕ್ಕೆ ತೆರಳಿದರು. ಅಲ್ಲಿ ಅವರು ಇದ್ದದ್ದು ಅಲ್ಪಕಾಲ ಮಾತ್ರ. ರಾಯಲ್ ಮೆಲ್ಬರ್ನ್‌ನ ಪಶ್ಚಿಮ ಮೈದಾನಕ್ಕೆ ಅವರು ಹಾಕಿಕೊಟ್ಟ ನಕ್ಷೆಯನ್ನು ಆಟಗಾರ ಅಲೆಕ್ಸ್ ರಸೆಲ್ ಮತ್ತು ಮೈದಾನಪಾಲಕ ಮಿಕ್ ಮಾರ್ಕಮ್ ಕಾರ್ಯರೂಪಕ್ಕೆ ತಂದರು. ಮೈದಾನ 1931ರಲ್ಲಿ ಆಟಕ್ಕೆ ತೆರೆಯಿತು. ಅಲ್ಲಿ ಬಂಕರ್‌ಗಳನ್ನು, ಅಂದರೆ ಮರಳುಗುಂಡಿಗಳನ್ನು, ಗ್ರೀನ್‌ನ ಅಂಚಿಗೇ ತಾಗುವಂತೆ ಕೊರೆಯಲಾಗಿದೆ. ಅರ್ಜೆಂಟೀನದ ಜಾಕಿ ಕ್ಲಬ್‌ನಲ್ಲಿ ಸಮತಟ್ಟಾದ ನೆಲವೇ ದೊರೆತಾಗ, ತಗ್ಗುಗಳನ್ನು ತೋಡಿ ಆ ಮಣ್ಣಿನಿಂದ ಸಹಜವೆನ್ನಿಸುವ ಏರಿಳಿತಗಳನ್ನು ನಿರ್ಮಿಸಿದರು.

ಕ್ಯಾಲಿಫೋರ್ನಿಯದ ಕಡಲತೀರದಲ್ಲಿ 1928ರಲ್ಲಿ ಸೈಪ್ರೆಸ್ ಪಾಯಿಂಟ್ ಸಿದ್ಧವಾಯಿತು. ಅದರ ಹದಿನಾರನೆಯ ಕುಳಿಗೆ ಚೆಂಡನ್ನು ಸಮುದ್ರದ ನೀರಿನ ಮೇಲಿಂದ ಹೊಡೆಯಬೇಕು. ಮರುವರ್ಷ ಸಾಂತಾ ಕ್ರೂಸ್ ನಗರದಲ್ಲಿ ಪಾಸಾಟಿಯೆಂಪೊ ಮೈದಾನ ಆರಂಭವಾಯಿತು. ಅದರ ಹದಿನಾರನೆಯ ಗ್ರೀನ್‌ಗೆ ಮೂರು ಮೆಟ್ಟಿಲಿನಂಥ ಹಂತಗಳಿವೆ. ಮೆಕೆಂಜಿಯವರು ಇದೇ ಮೈದಾನದ ಅಂಚಿನಲ್ಲಿ ಮನೆ ಮಾಡಿಕೊಂಡು ನೆಲೆಸಿದರು.

ಅಗಸ್ಟಾ ಮತ್ತು ಕೊನೆಯ ದಿನಗಳು

ಪ್ರಸಿದ್ಧ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ, ಜಾರ್ಜಿಯ ರಾಜ್ಯದ ಅಗಸ್ಟಾದಲ್ಲಿ ಮೈದಾನವೊಂದನ್ನು ಕಟ್ಟಲು ಮೆಕೆಂಜಿಯವರನ್ನು ಆಯ್ದುಕೊಂಡರು. ಇಬ್ಬರಿಗೂ ಸೇಂಟ್ ಆಂಡ್ರೂಸ್ ಎಂದರೆ ಅಪಾರ ಗೌರವ. ಬಂಕರ್‌ಗಳ ಸಂಖ್ಯೆಯನ್ನು ತೀರ ಕಡಿಮೆ ಮಾಡಿ, ಗ್ರೀನ್‌ನ ಏರಿಳಿತಗಳಿಂದಲೇ ಆಟವನ್ನು ಕಠಿಣಗೊಳಿಸುವುದು ಇಲ್ಲಿಯ ಯೋಜನೆಯಾಗಿತ್ತು. ಇಂದು ಹದಿನಾಲ್ಕನೆಯ ಕುಳಿಗೆ ಒಂದು ಬಂಕರ್ ಕೂಡ ಇಲ್ಲ. ಅದರ ಗ್ರೀನ್‌ನ ಉಬ್ಬುತಗ್ಗುಗಳೇ ಅದಕ್ಕೆ ಕಾವಲು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಮೆಕೆಂಜಿಯವರಿಗೆ ಒಪ್ಪಂದದ ಸಂಭಾವನೆ ಪೂರ್ತಿಯಾಗಿ ದೊರೆಯಲಿಲ್ಲ, ಕೊನೆಯ ವರ್ಷಗಳು ಹಣದ ಅಡಚಣೆಯಲ್ಲೇ ಕಳೆದವು. ಹುಲ್ಲು ತುಂಬಿ ಸಂಪೂರ್ಣಗೊಂಡ ಅಗಸ್ಟಾವನ್ನು ನೋಡುವ ಭಾಗ್ಯವೂ ಅವರಿಗೆ ಒದಗಲಿಲ್ಲ. 1934ರ ಜನವರಿ 6ರಂದು ಸಾಂತಾ ಕ್ರೂಸ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಪಾಸಾಟಿಯೆಂಪೊ ಮೈದಾನದ ಮೇಲೆ ಚದುರಿಸಲಾಯಿತು. ಮುಂದೆ ಮಾಸ್ಟರ್ಸ್ ಎಂದು ಹೆಸರಾದ ಪಂದ್ಯಾವಳಿ ಅಗಸ್ಟಾದಲ್ಲಿ ಮೊದಲು ನಡೆದದ್ದು ಅದೇ ವರ್ಷದ ಮಾರ್ಚ್‌ನಲ್ಲಿ.

ನಂತರದ ಬದಲಾವಣೆಗಳು

ಮೆಕೆಂಜಿಯವರ ಕಾಲದಲ್ಲಿ ಗ್ರೀನ್‌ನ ಹುಲ್ಲು ಇಂದಿಗಿಂತ ಉದ್ದವಾಗಿದ್ದು ಚೆಂಡು ನಿಧಾನವಾಗಿ ಉರುಳುತ್ತಿತ್ತು. ಹುಲ್ಲನ್ನು ಇನ್ನಷ್ಟು ಗಿಡ್ಡವಾಗಿ ಕತ್ತರಿಸುವ ಯಂತ್ರಗಳು ಬಂದಂತೆ ಚೆಂಡಿನ ವೇಗ ಹೆಚ್ಚಿತು. ಅಗಸ್ಟಾದಲ್ಲಿ 1981ರ ಪಂದ್ಯಾವಳಿಯ ಹೊತ್ತಿಗೆ ಗ್ರೀನ್‌ಗಳ ಹುಲ್ಲಿನ ತಳಿಯನ್ನೇ ಬದಲಿಸಿ ನಯವಾದ ಬೆಂಟ್ ಹುಲ್ಲನ್ನು ಬೆಳೆಸಲಾಗಿತ್ತು. ಹಿಂದೆ ಚೆಂಡು ನಿಲ್ಲುತ್ತಿದ್ದ ಇಳಿಜಾರಿನಲ್ಲಿ ಈಗ ಅದು ನಿಲ್ಲದೆ ಜಾರತೊಡಗಿತು. ಕುಳಿ ತೋಡಲು ಯೋಗ್ಯವಾದ ಜಾಗ ಕಿರಿದಾಯಿತು. ಹೀಗಾಗಿ ಹಲವು ಹಳೆಯ ಗ್ರೀನ್‌ಗಳನ್ನು ತಗ್ಗಿಸುವ ಒತ್ತಡ ಹುಟ್ಟಿತು. ಸೂಕ್ಷ್ಮವಾದ ಇಳಿಜಾರುಗಳು ವೇಗ ಹೆಚ್ಚಿದಷ್ಟೂ ಪರಿಣಾಮಕಾರಿಯಾದರೆ, ನಾಟಕೀಯ ಗ್ರೀನ್‌ಗಳು ಅದೇ ವೇಗದಿಂದ ಅಪಾಯಕ್ಕೆ ಸಿಲುಕಿದವು.

ಮೆಕೆಂಜಿಯವರು ಬರೆದಿಟ್ಟಿದ್ದ ದ ಸ್ಪಿರಿಟ್ ಆಫ್ ಸೇಂಟ್ ಆಂಡ್ರೂಸ್ ಎಂಬ ಇನ್ನೊಂದು ಗ್ರಂಥ 1995ರಲ್ಲಿ, ಅವರ ಮರಣದ ಆರು ದಶಕಗಳ ಬಳಿಕ ಬೆಳಕು ಕಂಡಿತು. ಅವರ ಜೀವನಚರಿತ್ರೆ ರಚಿಸಿದವರಲ್ಲಿ ಒಬ್ಬರಾದ ವಿನ್ಯಾಸಕಾರ ಟಾಮ್ ಡೋಕ್ ಅವರು ಹಳೆಯ ಛಾಯಾಚಿತ್ರಗಳನ್ನು ಆಧರಿಸಿ ಪಾಸಾಟಿಯೆಂಪೊ ಮೈದಾನದ ಜೀರ್ಣೋದ್ಧಾರ ಕೈಗೊಂಡರು.