ತಾಯಿ ಮಕ್ಕಳ ವೈದ್ಯೆ ಅನುಪಮಾ ನಿರಂಜನ

ಹಸುಗೂಸಿಗೆ ಕಾಯಿಲೆಯಾದರೆ ನೋವು ಎಲ್ಲಿದೆಯೆಂದು ಹೇಳಲು ಅದಕ್ಕೆ ಮಾತು ಬಾರದು. ಮಗು ಹಾಲು ಕುಡಿಯಿತೇ, ಮೂತ್ರ ಮಾಡಿತೇ, ರಾತ್ರಿ ನಿದ್ರಿಸಿತೇ ಎಂಬುದನ್ನೆಲ್ಲ ತಾಯಿಯೇ ತಿಳಿಸಬೇಕು. ಆದ್ದರಿಂದ ಮಕ್ಕಳ ಒಳ್ಳೆಯ ವೈದ್ಯರು ತಾಯಿಯ ಮಾತಿಗೂ ಕಿವಿಗೊಡುತ್ತಾರೆ. ಮಗುವಿನ ಆರೈಕೆಯನ್ನು ಆಕೆಗೆ ಅರ್ಥವಾಗುವಂತೆ ಬಿಡಿಸಿ ಹೇಳುತ್ತಾರೆ. ಹೀಗೆ ತಿಳಿಸಿ ಹೇಳುವ ಕೆಲಸವನ್ನು ಲೇಖನಿಯಿಂದಲೂ ಮಾಡಿದವರು ಡಾ. ಅನುಪಮಾ ನಿರಂಜನ.

ಅನುಪಮಾ ಅವರು 1934ರ ಮೇ 17ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಜನಿಸಿದರು. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. 1956ರಲ್ಲಿ ಪ್ರಸಿದ್ಧ ಲೇಖಕ ನಿರಂಜನರನ್ನು ವಿವಾಹವಾದರು. ಧಾರವಾಡ ಮತ್ತು ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು.

ಆ ಕಾಲದ ಸ್ಥಿತಿಯನ್ನು ನೆನೆದರೆ ಅವರ ಕೆಲಸದ ಬೆಲೆ ತಿಳಿಯುತ್ತದೆ. 1951ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 146 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಸಿಡುಬು ಇನ್ನೂ ತೊಲಗಿರಲಿಲ್ಲ. ರೋಗದ ಜೊತೆಗೆ ಅಜ್ಞಾನವೂ ಸೇರಿತ್ತು. ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ತಪ್ಪು ನಂಬಿಕೆ ಅನೇಕ ಕಡೆ ಇತ್ತು. ನಿಜವಾಗಿ, ಮೈಯಲ್ಲಿನ ನೀರು ಬತ್ತುವುದರಿಂದಲೇ ಅಂಥ ಮಗುವಿನ ಪ್ರಾಣಕ್ಕೆ ಅಪಾಯ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಿದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಇದು ದೊಡ್ಡ ಔಷಧಿಯಲ್ಲ, ತಾಯಿಗೆ ತಿಳಿದಿರಬೇಕಾದ ಸಣ್ಣ ವಿಷಯ.

ಇಂಥ ತಿಳಿವಳಿಕೆ ಇಂಗ್ಲಿಷ್ ಪುಸ್ತಕಗಳಲ್ಲಿಯೇ ಉಳಿದರೆ ಬಡತಾಯಿಗೆ ಏನು ಪ್ರಯೋಜನ? ರೊದ್ದಂ, ಹಿಂದೂಪುರ, ಕಲ್ಯಾಣದುರ್ಗಗಳಂಥ ಗಡಿಯ ಊರುಗಳಲ್ಲಿ ಕೆಲವರಿಗೆ ಮನೆಮಾತು ಕನ್ನಡ, ಪೇಟೆಯ ಮಾತು ತೆಲುಗು, ಔಷಧಿ ಚೀಟಿಯ ಭಾಷೆ ಇಂಗ್ಲಿಷ್. ಮನೆಮಾತಿನಲ್ಲಿ ಹೇಳಿದ್ದು ಮಾತ್ರ ಮನಸ್ಸಿಗೆ ಬೇಗ ನಾಟುತ್ತದೆ. ಅನುಪಮಾ ಅವರು ಇದನ್ನು ಅರಿತಿದ್ದರು. ಬಸುರಿ, ಬಾಣಂತಿ ಮತ್ತು ಶಿಶುಗಳ ಆರೈಕೆಯನ್ನು ಕುರಿತು ‘ತಾಯಿ ಮಗು’ ಎಂಬ ಪುಸ್ತಕವನ್ನು ತಿಳಿಗನ್ನಡದಲ್ಲಿ ಬರೆದರು. ಸಂಕೋಚದಿಂದ ಯಾರನ್ನೂ ಕೇಳಲಾಗದ ಹೆಣ್ಣುಮಕ್ಕಳಿಗೂ ಅದು ಮನೆಯಲ್ಲಿಯೇ ದೊರೆತ ವೈದ್ಯಸಲಹೆಯಾಯಿತು.

ಮಕ್ಕಳ ಮೈ ಬೆಳೆದರೆ ಸಾಲದು, ಮನಸ್ಸೂ ಬೆಳೆಯಬೇಕು. ಅದಕ್ಕಾಗಿ ಅವರು ‘ದಿನಕ್ಕೊಂದು ಕಥೆ’ ಬರೆದರು. ತಿಂಗಳಿಗೊಂದರಂತೆ 12 ಸಂಪುಟಗಳು. ವರ್ಷದ ಪ್ರತಿ ದಿನಕ್ಕೂ ಒಂದು ಕಥೆ. ದೊಡ್ಡವರಿಗಾಗಿ ಹಲವು ಕಾದಂಬರಿಗಳನ್ನೂ ರಚಿಸಿದರು.

ಮುಂದೆ ಅವರೇ ಕ್ಯಾನ್ಸರ್ ರೋಗಕ್ಕೆ ತುತ್ತಾದರು. ಆ ಹೆಸರನ್ನು ಹೇಳಲೂ ಜನ ಅಂಜುತ್ತಿದ್ದ ದಿನಗಳವು. ಅನುಪಮಾ ಅವರು ಅದನ್ನು ಮುಚ್ಚಿಡಲಿಲ್ಲ. ತಮ್ಮ ಅನುಭವವನ್ನು ಬರೆದು ಇತರ ರೋಗಿಗಳಿಗೆ ಧೈರ್ಯ ತುಂಬಿದರು. 1991ರ ಫೆಬ್ರವರಿ 15ರಂದು ನಿಧನರಾದರು. ಆಗ ಅವರಿಗೆ 56 ವರ್ಷ.

ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತ ಬಂದಿದೆ. ಒಬ್ಬ ವೈದ್ಯರು ತಮ್ಮ ಬಳಿಗೆ ಬಂದ ಮಕ್ಕಳಿಗೆ ಮಾತ್ರ ಔಷಧಿ ಕೊಡಬಲ್ಲರು. ತಾಯಂದಿರಿಗೆ ತಿಳಿವಳಿಕೆ ಕೊಟ್ಟವರು, ತಾವೆಂದೂ ಕಾಣದ ಮಕ್ಕಳನ್ನೂ ಕಾಪಾಡುತ್ತಾರೆ. ಡಾ. ಅನುಪಮಾ ನಿರಂಜನ ಅಂಥ ವೈದ್ಯೆ.