ವಿಷದ ಆವಿಯ ಬೆನ್ನು ಹತ್ತಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್

ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಗಲ್ಲಿಗಳಲ್ಲಿ ಒಮ್ಮೆ ಸುತ್ತಾಡಿದವರಿಗೆ ಆ ವಾಸನೆ ಪರಿಚಿತ. ಜಿಡ್ಡು ತೊಳೆಯುವ ಪೆಟ್ರೋಲು, ಸೀಮೆಎಣ್ಣೆ, ಬಣ್ಣಕ್ಕೆ ಬೆರೆಸುವ ತಿನ್ನರ್. ಸಂಜೆಯ ಹೊತ್ತಿಗೆ ಬರುವ ತಲೆಸುತ್ತು ಈ ಕಸುಬಿಗೆ ಅಂಟಿಕೊಂಡೇ ಬಂದದ್ದು ಎಂದು ದುಡಿಯುವವರು ಸುಮ್ಮನಾಗುತ್ತಾರೆ. ಆದರೆ ಅದು ಕೆಲಸದ ಜಾಗದಲ್ಲೇ ಹುಟ್ಟುವ ರೋಗ, ಅದನ್ನು ತಡೆಯುವುದು ಸಾಧ್ಯ ಎಂದು ನೂರು ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ ಮಹಿಳೆಯೊಬ್ಬರಿದ್ದರು. ಅವರೇ ಅಮೆರಿಕದ ವೈದ್ಯೆ ಡಾ. ಆಲಿಸ್ ಹ್ಯಾಮಿಲ್ಟನ್.

1869ರ ಫೆಬ್ರುವರಿ 27ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಆಲಿಸ್ ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಟ್ಟಣದಲ್ಲಿ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ನಂತರ ಜರ್ಮನಿಯ ಲೈಪ್‌ಜಿಗ್ ಮತ್ತು ಮ್ಯೂನಿಕ್‌ಗಳಲ್ಲಿ ಹೆಚ್ಚಿನ ಅಧ್ಯಯನ ನಡೆಸಿದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಪೂರ್ತಿಯಾಗಿ ತೆರೆಯದಿದ್ದ ಕಾಲವದು.

1897ರಲ್ಲಿ ಶಿಕಾಗೋಗೆ ಬಂದ ಆಲಿಸ್, ಜೇನ್ ಆಡಮ್ಸ್ ಸ್ಥಾಪಿಸಿದ್ದ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ವಾಸಕ್ಕೆ ನಿಂತರು. ಸುತ್ತಲಿದ್ದವರು ಬಡ ವಲಸಿಗರು. ನಮ್ಮ ದಂಡು ಪ್ರದೇಶದಂತೆಯೇ ಹತ್ತಾರು ಭಾಷೆಗಳು ಕಿವಿಗೆ ಬೀಳುವ ಕೇರಿ ಅದು. ನೆರೆಹೊರೆಯ ಗಟ್ಟಿಮುಟ್ಟಾದ ಗಂಡಸರು ಕಾರ್ಖಾನೆ ಸೇರಿದ ಕೆಲವೇ ವರ್ಷಗಳಲ್ಲಿ ಹಾಸಿಗೆ ಹಿಡಿಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಮುಂದಿನ ಬದುಕಿನ ದಾರಿ ನಿಶ್ಚಯವಾದದ್ದು ಅಲ್ಲಿಯೇ.

1910ರಲ್ಲಿ ಇಲಿನಾಯ್ ರಾಜ್ಯ ಕೈಗೊಂಡ ಔದ್ಯೋಗಿಕ ರೋಗಗಳ ಸಮೀಕ್ಷೆಯ ಹೊಣೆ ಅವರ ಹೆಗಲೇರಿತು. ಯಾವ ಕಾರ್ಖಾನೆಯಲ್ಲಿ ಯಾವ ವಿಷ ಬಳಕೆಯಲ್ಲಿದೆ ಎಂಬ ಪಟ್ಟಿಯೂ ಆಗ ಇರಲಿಲ್ಲ. ಆಲಿಸ್ ಆಸ್ಪತ್ರೆಯ ದಾಖಲೆಗಳನ್ನು ತಿರುವಿಹಾಕಿದರು, ಕಾರ್ಮಿಕರ ಮನೆಬಾಗಿಲು ತಟ್ಟಿದರು, ಅವರ ಮಡದಿಯರನ್ನು ಮಾತನಾಡಿಸಿದರು. ಸ್ನಾನದ ತೊಟ್ಟಿಗೆ ಎನಾಮಲ್ ಹಚ್ಚುವ ಕೆಲಸದಲ್ಲಿಯೂ ಸೀಸದ ವಿಷವಿದೆ ಎಂಬುದು ಹೊರಬಂದದ್ದು ಈ ಅಲೆದಾಟದಿಂದಲೇ. ಕಂಪನಿಯ ಮಾಲೀಕರನ್ನೂ ಅವರು ಶತ್ರುಗಳಂತೆ ಕಾಣಲಿಲ್ಲ. ರೋಗಿಗಳ ವಿವರವನ್ನು ಮುಂದಿಟ್ಟು ಮನವೊಲಿಸುತ್ತಿದ್ದರು. 1911ರಲ್ಲಿ ಇಲಿನಾಯ್‌ನಲ್ಲಿ ಔದ್ಯೋಗಿಕ ರೋಗಗಳ ಕಾನೂನು ಜಾರಿಗೆ ಬಂತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಿಸಿಕೊಂಡಿತು. ಆ ಸಂಸ್ಥೆಯ ಮೊದಲ ಮಹಿಳಾ ಬೋಧಕಿ ಅವರೇ. ಆದರೆ ಅಧ್ಯಾಪಕರ ಕ್ಲಬ್ಬಿಗೆ ಕಾಲಿಡುವಂತಿಲ್ಲ, ಫುಟ್‌ಬಾಲ್ ಪಂದ್ಯದ ಟಿಕೆಟ್ ಕೇಳುವಂತಿಲ್ಲ, ಘಟಿಕೋತ್ಸವದ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವಂತಿಲ್ಲ ಎಂಬ ಷರತ್ತುಗಳಿದ್ದವು. 1935ರಲ್ಲಿ ನಿವೃತ್ತರಾಗುವಾಗಲೂ ಅವರು ಅದೇ ಹುದ್ದೆಯಲ್ಲಿದ್ದರು.

ಬೆಂಜೀನ್ ವಿರುದ್ಧ

ಆಲಿಸ್ ಅವರ ಸಾಧನೆಗಳಲ್ಲಿ ಇಂದಿಗೂ ಪ್ರಸ್ತುತವಾದದ್ದು ದ್ರಾವಕಗಳ ಕುರಿತ ಕೆಲಸ. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳಿಗಾಗಿ ಕಲ್ಲಿದ್ದಲಿನಿಂದ ಬೆಂಜೀನನ್ನು ಅಪಾರ ಪ್ರಮಾಣದಲ್ಲಿ ತೆಗೆಯಲಾಯಿತು. ಯುದ್ಧ ಮುಗಿದ ಮೇಲೆ ಉಳಿದ ಸರಕಿಗೆ ಮಾರುಕಟ್ಟೆ ಬೇಕಾಯಿತು. ರಬ್ಬರ್, ಅಂಟು, ಬಣ್ಣ, ಡಬ್ಬಿಗಳನ್ನು ಮೊಹರು ಮಾಡುವ ಉದ್ಯಮಗಳಿಗೆ ಅದು ಅಗ್ಗದ ದ್ರಾವಕವಾಗಿ ನುಗ್ಗಿತು. ಅದರ ಆವಿ ಮೂಳೆಯೊಳಗಿನ ಮಜ್ಜೆಯನ್ನು ಕೆಡಿಸಿ, ರಕ್ತ ಹುಟ್ಟುವುದನ್ನೇ ನಿಲ್ಲಿಸಿಬಿಡಬಲ್ಲದು. ರಕ್ತದ ಕ್ಯಾನ್ಸರಿಗೂ ಅದು ಕಾರಣ ಎಂಬುದು ಈಗ ನಿರ್ವಿವಾದ.

ಈ ಪಿಡುಗು ಬೆಳೆಯುತ್ತಿದೆ ಎಂದು 1922ರಲ್ಲಿ ಆಲಿಸ್ ವೈದ್ಯಕೀಯ ಪತ್ರಿಕೆಯಲ್ಲಿ ಎಚ್ಚರಿಸಿದರು. ಗಾಳಿ ಬೆಳಕು ಹೆಚ್ಚಿಸಿದರೆ ಸಾಲದು, ಸಾಧ್ಯವಿರುವಲ್ಲೆಲ್ಲ ಬೇರೆ ದ್ರಾವಕ ಬಳಸುವುದೇ ಮೇಲು ಎಂಬ ಅಭಿಪ್ರಾಯ ಕ್ರಮೇಣ ಬಲಗೊಂಡಿತು. 1926ರಲ್ಲಿ ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಸಮಿತಿಯೂ ಬದಲಿ ದ್ರಾವಕಗಳತ್ತ ಬೊಟ್ಟು ಮಾಡಿತು. ಪಿಡುಗು ಇಳಿಮುಖವಾಗಿದೆ ಎಂದು 1928ರಲ್ಲಿ ಬರೆಯುವ ಭಾಗ್ಯವೂ ಆಲಿಸ್ ಅವರಿಗೇ ಒದಗಿತು.

ಎಲ್ಲ ಹೋರಾಟಗಳೂ ಹೀಗೆ ಕೈಗೂಡಲಿಲ್ಲ. 1925ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದನ್ನು ವಿರೋಧಿಸಿ, ನಿರಪಾಯಕಾರಿಯಾದ ಬೇರೊಂದು ವಸ್ತುವನ್ನು ಹುಡುಕಿರೆಂದು ವಾದಿಸಿದರು. ಉದ್ಯಮ ಕಿವಿಗೊಡಲಿಲ್ಲ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿಗೆ ತೆರೆ ಬಿದ್ದದ್ದು 2000ದಲ್ಲಿ, ಇಡೀ ಜಗತ್ತಿನಲ್ಲಿ ವಾಹನಗಳಿಂದ ಅದು ತೊಲಗಿದ್ದು 2021ರಲ್ಲಿ. ಒಬ್ಬ ವೈದ್ಯೆಯ ಮಾತಿಗೆ ಜಗತ್ತು ಕಿವಿಗೊಡಲು 96 ವರ್ಷ ಹಿಡಿಯಿತು.

ನಿವೃತ್ತಿಯ ನಂತರವೂ ಅವರು ವಿರಮಿಸಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ರೇಯಾನ್ ಕಾರ್ಖಾನೆಗಳಿಗೆ ಹೋಗಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರಾವಕದಿಂದ ಕಾರ್ಮಿಕರಿಗೆ ಬುದ್ಧಿಭ್ರಮಣೆ, ಲಕ್ವ ತಗಲುತ್ತಿದ್ದುದನ್ನು ಬಯಲಿಗೆಳೆದರು. 1943ರಲ್ಲಿ ಆತ್ಮಕಥೆ ಪ್ರಕಟವಾಯಿತು. 1970ರ ಸೆಪ್ಟೆಂಬರ್ 22ರಂದು, 101ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಅಮೆರಿಕದ ರಾಷ್ಟ್ರಮಟ್ಟದ ಕಾನೂನಿಗೆ ಅಂಕಿತ ಬಿದ್ದದ್ದು ಅದೇ ಡಿಸೆಂಬರ್‌ನಲ್ಲಿ.

ಮುಗಿಯದ ಪಾಠ

ಬದಲಿ ವಸ್ತುವನ್ನೂ ಪರೀಕ್ಷಿಸದೆ ನಂಬುವಂತಿಲ್ಲ ಎಂಬುದನ್ನು ನಂತರದ ಇತಿಹಾಸ ಕಲಿಸಿತು. 1960ರ ದಶಕದಲ್ಲಿ ಇಟಲಿಯಲ್ಲಿ ಪಾದರಕ್ಷೆಯ ಅಂಟಿಗೆ ಬೆಂಜೀನ್ ಬದಲು ಹೆಕ್ಸೇನ್ ಬಂದಾಗ, ಅದು ಕಾರ್ಮಿಕರ ಕೈಕಾಲಿನ ನರಗಳನ್ನೇ ದುರ್ಬಲಗೊಳಿಸಿತು. ನೀರು ಆಧಾರಿತ ಅಂಟು, ಬಣ್ಣ, ಮಾರ್ಜಕಗಳತ್ತ ಉದ್ಯಮಗಳು ಇಂದು ಹೊರಳುತ್ತಿರುವುದು ಇಂತಹ ಪೆಟ್ಟುಗಳನ್ನು ತಿಂದ ಮೇಲೆ.

ನಮ್ಮ 1948ರ ಕಾರ್ಖಾನೆಗಳ ಕಾಯಿದೆಯು ಸೀಸ ಮತ್ತು ಬೆಂಜೀನ್ ವಿಷಬಾಧೆಯನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಯಂತ್ರಶಕ್ತಿ ಬಳಸುವ ಕಡೆ ಸಾಮಾನ್ಯವಾಗಿ ಹತ್ತು ಕೆಲಸಗಾರರಾದರೂ ಇದ್ದರೆ ಮಾತ್ರ ಆ ಕಾಯಿದೆ ಅನ್ವಯಿಸುತ್ತಿತ್ತು. ಗಲ್ಲಿಯ ಪುಟ್ಟ ಅಂಗಡಿಯಲ್ಲಿ ಬರಿಗೈಯಿಂದ ಗೇರು ತೊಳೆಯುವ ಹುಡುಗ ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆಲಿಸ್ ಹ್ಯಾಮಿಲ್ಟನ್ ಹುಡುಕಿಕೊಂಡು ಹೋಗುತ್ತಿದ್ದುದು ಅಂಥವರ ಮನೆಗಳನ್ನೇ.