ಜನರಲ್ ತಿಮ್ಮಯ್ಯ: ಒಂದೇ ಮನೆ, ಎರಡು ಸೇನೆ

ಹೊಳಲಿನ ಸುತ್ತಮುತ್ತಲ ಮಕ್ಕಳಿಗೆ ಜೋಳದ ಹೊಲ ಗೊತ್ತು, ಕಾಫಿ ತೋಟ ಗೊತ್ತಿಲ್ಲ. ಆದ್ದರಿಂದ ಜನರಲ್ ತಿಮ್ಮಯ್ಯನವರ ಜೀವನವನ್ನು ಬೇಸಾಯದ ಮನೆಯಿಂದ ಸೇನೆಗೆ ಹೋದ ಮೂವರು ಅಣ್ಣತಮ್ಮಂದಿರ ಕಥೆಯಾಗಿ ಆರಂಭಿಸಬಹುದು. ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಲು ಅದು ಸುಲಭ ದಾರಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ಬೆಳೆಗಾರರ ಮನೆತನ. ತಾಯಿ ಸೀತಮ್ಮನವರು ಸಮಾಜಸೇವೆಯಲ್ಲಿ ತೊಡಗಿದವರು. ಎಂಟನೇ ವಯಸ್ಸಿಗೇ ಬಾಲಕ ಮನೆ ಬಿಟ್ಟು ಕೂನೂರಿನ ಶಾಲೆಗೆ ಸೇರಿದ. ಅನಂತರ ಬೆಂಗಳೂರು, ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗಳಲ್ಲಿ ಕಲಿತು 1926ರಲ್ಲಿ ಸೇನಾಧಿಕಾರಿಯಾದರು. 1935ರಲ್ಲಿ ಕ್ವೆಟ್ಟಾ ಭೂಕಂಪವಾದಾಗ, ಆಗಷ್ಟೇ ಮದುವೆಯಾಗಿದ್ದ ಅವರೂ ಪತ್ನಿ ನೀನಾ ಅವರೂ ಪರಿಹಾರ ಕಾರ್ಯದಲ್ಲಿ ದುಡಿದರು.

ಎರಡನೇ ಮಹಾಯುದ್ಧ ಈ ಮನೆಯನ್ನು ಎರಡು ಭಾಗ ಮಾಡಿತು. ಅಣ್ಣ ಪೊನ್ನಪ್ಪನವರು ಸುಭಾಷ್‌ಚಂದ್ರ ಬೋಸರ ಐ.ಎನ್.ಎ. ಸೇರಿದರು. ಅದು ಜಪಾನಿನ ಜೊತೆಗಿದ್ದ ಸೇನೆ. ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೇನೆಯಲ್ಲಿದ್ದು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಒಬ್ಬ ತಾಯಿಯ ಮಕ್ಕಳು ಎದುರುಬದುರು ಪಕ್ಷಗಳಲ್ಲಿದ್ದರು. ಸ್ವಾತಂತ್ರ್ಯದ ನಂತರ ಕಾಶ್ಮೀರ ಯುದ್ಧದಲ್ಲಿ ತಮ್ಮ ಸೋಮಯ್ಯನವರು ನೆಲಬಾಂಬಿಗೆ ಬಲಿಯಾದರು. ಅದೇ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ತಿಮ್ಮಯ್ಯನವರು 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ನುಗ್ಗಿಸಿ ಲಡಾಖಿನ ದಾರಿ ತೆರೆಸಿದರು.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಪ್ರಶ್ನೆ ಉಳಿಯಿತು. ಅದನ್ನು ಬಿಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡೂ ಕಡೆಯವರು ಒತ್ತಡ ಹೇರಿದರೂ, ಯಾರನ್ನೂ ಬಲವಂತದಿಂದ ಕಳಿಸಬಾರದೆಂಬ ನಿಯಮವನ್ನು ಅವರು ಬಿಡಲಿಲ್ಲ. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ 1964ರಲ್ಲಿ, ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗೆ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ಗೌರವಾರ್ಥ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ.

ಈ ಪಾಠದ ಮೌಲ್ಯಮಾಪನದಲ್ಲಿ ಇಸವಿಗಳನ್ನಷ್ಟೇ ಕೇಳಿದರೆ ಸಾಲದು. ಎರಡು ಸೇನೆಗಳಲ್ಲಿದ್ದ ಅಣ್ಣತಮ್ಮಂದಿರಲ್ಲಿ ದೇಶಪ್ರೇಮಿ ಯಾರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಶಿಕ್ಷಕರು ಅವಸರದಿಂದ ತೀರ್ಪು ಕೊಡಬಾರದು. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ಅಣ್ಣನ ಪರವಾಗಿ, ಇನ್ನೊಂದು ತಮ್ಮನ ಪರವಾಗಿ ಕಾರಣ ಕೊಡಲಿ. ಆಮೇಲೆ ಗುಂಪುಗಳು ಸ್ಥಾನ ಬದಲಿಸಲಿ. ಎದುರು ಪಕ್ಷದವರ ಮಾತನ್ನೂ ಕೇಳಿಸಿಕೊಳ್ಳುವುದು ತಿಮ್ಮಯ್ಯನವರು ಕೊರಿಯಾದಲ್ಲೂ ಸೈಪ್ರಸ್‌ನಲ್ಲೂ ಮಾಡಿದ ಕೆಲಸ. ಮಕ್ಕಳು ಅದನ್ನು ತರಗತಿಯಲ್ಲೇ ಮಾಡಿ ಕಲಿಯಬಹುದು.